ಹಿಂಚಕ್ರ ಬಿಸಿಯಾದರೆ: ಹಳೆಯ ಕಾರಿನ ಡಿಸ್ಕ್ ಬ್ರೇಕಿನ ಬಗ್ಗೆ ಅನುಭವದ ಮಾತು



ನಮ್ಮ ಸಂಘದ ಈ ಪತ್ರಿಕೆಯಲ್ಲಿ ಕೊಳೆರೋಗ, ಬೋರ್ಡೋ ದ್ರಾವಣ, ಕಾಯಿಕೊರಕ, ಸಾಲದ ವಾಯಿದೆ, ಅಡಿಕೆ ಧಾರಣೆ ಇವುಗಳ ವಿಚಾರ ಬರುವುದು ವಾಡಿಕೆ. ಕಾರಿನ ಬ್ರೇಕಿನ ಉಸಾಬರಿ ಕಾರ್ಯದರ್ಶಿಗೆ ಏಕೆ ಬೇಕಿತ್ತು ಎಂದು ತಾವು ಕೇಳಬಹುದು. ಕಾರಣವಿದೆ. ಕಳೆದ ದೀಪಾವಳಿ ಮುಗಿದ ವಾರ ವಿಜಯಪುರ ಜಿಲ್ಲೆಗೆ ಹೋಗಿದ್ದಾಗ ನನ್ನ ಕಾರು ನನಗೊಂದು ಪಾಠ ಕಲಿಸಿತು. ಆ ಪಾಠಕ್ಕೆ ಕಟ್ಟಬೇಕಾಗಿದ್ದ ಶುಲ್ಕ ಬಹಳ ದೊಡ್ಡದಿತ್ತು. ಯಾರದೋ ಪುಣ್ಯದಿಂದ ಚಿಲ್ಲರೆಯಲ್ಲಿ ಮುಗಿಯಿತು. ಅದನ್ನು ನನ್ನೊಬ್ಬನಲ್ಲೇ ಇಟ್ಟುಕೊಳ್ಳುವುದು ಸರಿಯಲ್ಲವೆಂದು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಮ್ಮ ಶೆಡ್ಡುಗಳಲ್ಲಿ ಇರುತ್ತಿದ್ದದ್ದು ಜೀಪು, ಅಂಬಾಸಡರ್ ಅಥವಾ ಪ್ರೀಮಿಯರ್ ಪದ್ಮಿನಿ. ಅವುಗಳ ಹಿಂಚಕ್ರಕ್ಕೆ ಡ್ರಮ್ ಬ್ರೇಕ್. ಡ್ರಮ್ಮಿನ ಗುಣದೋಷ ನಮ್ಮ ಡ್ರೈವರುಗಳಿಗೂ ಊರಿನ ಮಿಸ್ತ್ರಿಗಳಿಗೂ ಅಂಗೈ ಗೆರೆಯಷ್ಟು ಪರಿಚಿತ. ಈಚೆಗೆ ಕಥೆ ಬೇರೆಯಾಗಿದೆ. ಪೇಟೆಯವರು ಹತ್ತು ವರ್ಷ ಓಡಿಸಿ ಮಾರಿದ ದೊಡ್ಡ ಕಾರುಗಳು ಅಗ್ಗದ ಬೆಲೆಗೆ ನಮ್ಮ ತೋಟಗಳನ್ನು ಸೇರುತ್ತಿವೆ. ಅಂಥ ಹಲವು ಕಾರುಗಳಿಗೆ ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್. ನನ್ನದೂ ಅಂಥದೇ ಒಂದು, ಹದಿನೆಂಟು ವರ್ಷದ ಡೀಸೆಲ್ ಕಾರು. ಕಂಪನಿಯ ಹೆಸರು ಇಲ್ಲಿ ಮುಖ್ಯವಲ್ಲ, ತಪ್ಪು ಕಂಪನಿಯದೂ ಅಲ್ಲ. ತಪ್ಪು ನನ್ನದೇ.

ಮುದ್ದೇಬಿಹಾಳದ ದಾರಿಯಲ್ಲಿ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ಹೆಸರು ನಮ್ಮ ತೋಟಗಳಿಗೆ ಹೊಸವಲ್ಲ. ಕಾಫಿ ಕುಯಿಲಿಗೆ ಆ ಕಡೆಯ ಕುಟುಂಬಗಳು ಬರಲು ತೊಡಗಿ ಬಹಳ ವರ್ಷಗಳಾದವು. ಹಣ್ಣು ಕೆಂಪಾಗುವ ಹೊತ್ತಿಗೆ ಅವರು ಬಾರದಿದ್ದರೆ ನಮ್ಮಲ್ಲಿ ಎಷ್ಟೋ ಮಂದಿಯ ಬೆಳೆ ನೆಲದ ಪಾಲು. ಈ ಸಲ ಫೋನಿನಲ್ಲಿ ಮಾತಾಡಿ ಕೆಲಸ ಕೆಡಿಸಿಕೊಳ್ಳುವುದು ಬೇಡ, ಅವರ ಊರಿಗೇ ಹೋಗಿ ಕೂಲಿ, ಮನೆ, ಮಕ್ಕಳ ಶಾಲೆ ಎಲ್ಲ ಮುಖಾಮುಖಿ ಮಾತಾಡಿ ಬರೋಣವೆಂದು ನಮ್ಮ ಆಡಳಿತ ಮಂಡಳಿಯ ಸದಸ್ಯರೊಬ್ಬರನ್ನು ಜೊತೆಗೆ ಕರೆದುಕೊಂಡು ಹೊರಟೆ.

ಹೊರಡುವ ಹಿಂದಿನ ದಿನ ನಾನೊಂದು ಜಾಣತನ ಮಾಡಿದ್ದೆ. ಕಾರಿನ ಹ್ಯಾಂಡ್ ಬ್ರೇಕ್ ಕೆಲವು ತಿಂಗಳಿಂದ ಸಡಿಲವಾಗಿತ್ತು. ಐದು ಹಲ್ಲಿಗೆ ಹಿಡಿಯುತ್ತಿದ್ದದ್ದು ಒಂಬತ್ತು ಹತ್ತು ಹಲ್ಲು ಎಳೆದರೂ ಹಿಡಿಯುತ್ತಿರಲಿಲ್ಲ. ಹಿಡಿಯ ಕೆಳಗಿನ ಮುಚ್ಚಳ ತೆಗೆದು, ಕೇಬಲ್ಲಿನ ನಟ್ಟನ್ನು ನಾಲ್ಕೈದು ಸುತ್ತು ಬಿಗಿದೆ. ಹಿಡಿ ಮೂರು ಹಲ್ಲಿಗೇ ಗಟ್ಟಿಯಾಯಿತು. ಕೈಗೆ ಹಿಡಿದ ಸ್ಪ್ಯಾನರಿನ ಬಗ್ಗೆ ಹೆಮ್ಮೆಯೂ ಆಯಿತು.

ಚಿತ್ರದುರ್ಗ, ಹೊಸಪೇಟೆ ದಾಟಿ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಹೋಗುತ್ತಿದ್ದಾಗ ಕುಷ್ಟಗಿಯ ಹತ್ತಿರ ಏನೋ ಸುಟ್ಟ ವಾಸನೆ ಬಂತು. ಮುಂದಿದ್ದ ಲಾರಿಯದಿರಬೇಕೆಂದು ಕಿಟಕಿ ಏರಿಸಿಕೊಂಡೆ. ಇಳಕಲ್ಲಿನಲ್ಲಿ ಊಟ ಮಾಡಿ, ಕೃಷ್ಣೆಯನ್ನು ದಾಟಿ, ನಿಡಗುಂದಿಯಲ್ಲಿ ಬಲಕ್ಕೆ ಮುದ್ದೇಬಿಹಾಳದ ದಾರಿ ಹಿಡಿದೆವು. ಈಗ ಮುಂದೆ ಲಾರಿಯಿಲ್ಲ, ವಾಸನೆ ಮಾತ್ರ ಇದೆ.

“ಕಾರ್ಯದರ್ಶಿಗಳೇ, ಇದು ಹೊರಗಿನ ವಾಸನೆ ಅಲ್ಲ, ನಮ್ಮದೇ,” ಎಂದರು ಜೊತೆಗಾರರು.

ಇಳಿದು ನೋಡಿದರೆ ಬಲಗಡೆ ಹಿಂಚಕ್ರದ ಹತ್ತಿರ ಕೈ ಒಡ್ಡಲಾಗದಷ್ಟು ಝಳ. ಕುಡಿಯುವ ನೀರನ್ನು ನಾಲ್ಕು ಹನಿ ಚಿಮುಕಿಸಿದೆ. ಕಾದ ಹೆಂಚಿನ ಮೇಲೆ ಬಿದ್ದಂತೆ ಚುರ್ ಎಂದಿತು. ಎಡಗಡೆಯ ಹಿಂಚಕ್ರ ಬರೀ ಬೆಚ್ಚಗಿತ್ತು. ಒಂದು ಗಂಟೆ ನೆರಳಿನಲ್ಲಿ ನಿಲ್ಲಿಸಿ, ನಿಧಾನವಾಗಿ ಮುದ್ದೇಬಿಹಾಳ ಮುಟ್ಟಿದೆವು. ಮರುದಿನ ಬೆಳಿಗ್ಗೆ ಬಸವನ ಬಾಗೇವಾಡಿಗೆ ಹೋಗಬೇಕಿತ್ತು. ಅಲ್ಲಿ ದಾರಿಯಲ್ಲೇ ಇದ್ದ ಒಂದು ಸಣ್ಣ ಗ್ಯಾರೇಜಿನ ಮುಂದೆ ನಿಲ್ಲಿಸಿದೆ.

ಬಾಗೇವಾಡಿಯ ಮಿಸ್ತ್ರಿ

ಮಿಸ್ತ್ರಿಗೆ ಅರವತ್ತರ ಮೇಲೆ ವಯಸ್ಸು. ಟ್ರ್ಯಾಕ್ಟರ್ ಬಿಚ್ಚಿಕೊಂಡು ಕೂತಿದ್ದರು. ನಾನು ವಾಸನೆಯ ವಿಚಾರ, ಬಿಸಿಯ ವಿಚಾರ ಎಲ್ಲ ವಿವರವಾಗಿ ಹೇಳುತ್ತಿದ್ದರೆ ಅವರು ಕೇಳಿದ್ದು ಒಂದೇ ಪ್ರಶ್ನೆ.

“ಸಾಹೇಬ್ರ, ಹ್ಯಾಂಡ್ ಬ್ರೇಕ್ ಯಾರು ಬಿಗಿ ಮಾಡ್ಯಾರ್ರಿ?”

“ನಾನೇ ಮಾರಾಯ್ರೇ. ಸಡಿಲ ಆಗಿತ್ತು.”

“ಸಡಿಲ ಯಾಕ ಆತು ಅಂತ ನೋಡಿದ್ರೇನ್ರಿ?”

ನೋಡಿರಲಿಲ್ಲ. ಅವರು ಚಕ್ರ ಬಿಚ್ಚಿ, ಕ್ಯಾಲಿಪರಿನ ಹಿಂದಿರುವ ಸಣ್ಣ ಲಿವರನ್ನು ತೋರಿಸಿದರು. ಕೇಬಲ್ಲಿನ ಹೊರಕವಚದ ರಬ್ಬರು ಒಂದು ಕಡೆ ಸೀಳಿತ್ತು. ಒಳಗೆ ನಮ್ಮ ಮಲೆನಾಡಿನ ಎಷ್ಟೋ ಮಳೆಗಾಲದ ನೀರು ಇಳಿದು ತುಕ್ಕು ಕಟ್ಟಿತ್ತು. ಹಿಡಿ ಎಳೆದರೆ ಲಿವರ್ ಮುಂದೆ ಬರುತ್ತದೆ, ಬಿಟ್ಟರೆ ಅರ್ಧಕ್ಕೇ ನಿಲ್ಲುತ್ತದೆ. ಅರ್ಧದಲ್ಲೇ ನಿಂತದ್ದರಿಂದ ಕೇಬಲ್ ಜೋತುಬಿದ್ದು ಹಿಡಿ ಸಡಿಲವಾಗಿತ್ತು. ಸಡಿಲವಾಗಿದೆಯೆಂದು ನಾನು ನಟ್ಟು ಬಿಗಿದಾಗ, ಅರ್ಧ ಎಳೆದಿದ್ದ ಬ್ರೇಕನ್ನು ಇನ್ನಷ್ಟು ಎಳೆದು ಕಟ್ಟಿದಂತಾಯಿತು. ಆ ಬ್ರೇಕನ್ನು ಹಾಗೆಯೇ ಎಳೆದುಕೊಂಡು ನಾನೂರು ಕಿಲೋಮೀಟರಿಗೂ ಮೇಲೆ ಕಾರು ಓಡಿತ್ತು.

“ಎತ್ತಿಗೆ ಮೂಗುದಾರ ಬಿಗದು ಕಟ್ಟಿ, ಯಾಕ ಮೇಯವಲ್ದು ಅಂತ ಕೇಳಿದಂಗಾತ್ರಿ,” ಎಂದು ಮಿಸ್ತ್ರಿ ನಕ್ಕರು. ನನಗೆ ನಗು ಬರಲಿಲ್ಲ. ಊರಿಗೆ ಮರಳಿದ ಮೂರನೆಯ ದಿನ ಅಡಿಕೆಯ ಕೆಲಸಕ್ಕೆ ಮಂಗಳೂರಿಗೆ ಹೋಗುವುದಿತ್ತು, ಅಂದರೆ ಚಾರ್ಮಾಡಿ ಘಾಟಿ ಇಳಿಯುವುದಿತ್ತು. ಸಮತಟ್ಟಾದ ರಸ್ತೆಯಲ್ಲೇ ಇಷ್ಟು ಕಾದ ಬ್ರೇಕು ಆ ತಿರುವುಗಳಲ್ಲಿ ಏನಾಗುತ್ತಿತ್ತೆಂದು ಯೋಚಿಸಿ ಸುಮ್ಮನಾದೆ.

ಈ ಬ್ರೇಕು ಕೆಲಸ ಮಾಡುವ ಬಗೆ

ದೋಷ ತಿಳಿಯಬೇಕಾದರೆ ಮೊದಲು ಕೆಲಸದ ಬಗೆ ತಿಳಿದಿರಬೇಕು. ಡಿಸ್ಕ್ ಬ್ರೇಕು ಹೊಸ ಸಂಗತಿಯೇನಲ್ಲ. ಇಂಗ್ಲೆಂಡಿನ ಲ್ಯಾಂಚೆಸ್ಟರ್ ಎಂಬಾತ 1902ರಲ್ಲೇ ಇದರ ಪೇಟೆಂಟು ಪಡೆದಿದ್ದ. 1953ರಲ್ಲಿ ಫ್ರಾನ್ಸಿನ ಲ ಮಾನ್ ಪಂದ್ಯವನ್ನು ಡಿಸ್ಕ್ ಬ್ರೇಕಿನ ಜಾಗ್ವಾರ್ ಕಾರು ಗೆದ್ದ ಮೇಲೆ ಲೋಕಕ್ಕೆಲ್ಲ ಇದರ ಮೇಲೆ ನಂಬಿಕೆ ಬಂತು.

ಚಕ್ರದ ಜೊತೆ ತಿರುಗುವ ಎರಕದ ಕಬ್ಬಿಣದ ತಟ್ಟೆಯೇ ಡಿಸ್ಕು. ಅದನ್ನು ಎರಡು ಕಡೆಯಿಂದ ಅದುಮುವವು ಪ್ಯಾಡುಗಳು. ಪ್ಯಾಡುಗಳನ್ನು ಹಿಡಿದಿರುವ ಇಕ್ಕಳದಂಥ ಭಾಗ ಕ್ಯಾಲಿಪರ್. ನಾವು ಪೆಡಲ್ ತುಳಿದಾಗ ಬ್ರೇಕ್ ಆಯಿಲಿನ ಒತ್ತಡ ಪಿಸ್ಟನ್ನನ್ನು ನೂಕುತ್ತದೆ, ಪಿಸ್ಟನ್ನು ಒಳಗಿನ ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ. ಆಗ ಕ್ಯಾಲಿಪರು ಎರಡು ಪಿನ್ನುಗಳ ಮೇಲೆ ಜಾರಿ ಹೊರಗಿನ ಪ್ಯಾಡನ್ನೂ ಎಳೆದು ಒತ್ತುತ್ತದೆ. ಈ ಜಾರುವ ಕೆಲಸ ಸರಾಗವಾಗಿ ನಡೆಯಬೇಕೆಂಬುದನ್ನು ನೆನಪಿಡಿ. ಅರ್ಧ ರೋಗದ ಮೂಲ ಅಲ್ಲೇ ಇದೆ.

ಹಿಂಚಕ್ರದಲ್ಲಿ ಹ್ಯಾಂಡ್ ಬ್ರೇಕಿನ ಕೆಲಸವೂ ಸೇರಿಕೊಳ್ಳುವುದರಿಂದ ಅದು ಸ್ವಲ್ಪ ತೊಡಕಿನದು. ಇದರಲ್ಲಿ ಎರಡು ಬಗೆ. ಒಂದು ಬಗೆಯಲ್ಲಿ ಕೇಬಲ್ಲು ಕ್ಯಾಲಿಪರಿನ ಲಿವರನ್ನು ಎಳೆದು, ಒಳಗಿನ ತಿರುಪಿನ ಮೂಲಕ ಅದೇ ಪಿಸ್ಟನ್ನನ್ನು ನೂಕುತ್ತದೆ. ಪ್ಯಾಡು ಸವೆದಂತೆ ಆ ತಿರುಪು ತಾನಾಗಿ ಮುಂದೆ ಸರಿದು ಸಡಿಲವನ್ನು ತುಂಬಿಕೊಳ್ಳುತ್ತದೆ. ಇನ್ನೊಂದು ಬಗೆಯಲ್ಲಿ ಡಿಸ್ಕಿನ ನಡುವಿನ ಗುಳಿಯಲ್ಲೇ ಒಂದು ಪುಟ್ಟ ಡ್ರಮ್ ಬ್ರೇಕ್ ಅಡಗಿರುತ್ತದೆ. ನಿಮ್ಮ ಕಾರಿನದು ಯಾವುದೆಂದು ಮೊದಲು ನೋಡಿಕೊಳ್ಳಿ. ಕ್ಯಾಲಿಪರಿಗೇ ಕೇಬಲ್ಲು ಬಂದು ಸೇರಿದ್ದರೆ ಮೊದಲನೆಯ ಬಗೆ.

ಮೊದಲನೆಯ ಬಗೆಯಲ್ಲಿ ಒಂದು ಸೂತ್ರವಿದೆ: ಹಿಡಿ ಬಿಟ್ಟಾಗ ಕ್ಯಾಲಿಪರಿನ ಲಿವರ್ ತನ್ನ ತಡೆಗೆ ಬಂದು ನಿಲ್ಲಲೇಬೇಕು. ನಿಲ್ಲದಿದ್ದರೆ ಒಳಗಿನ ತಿರುಪು ತನ್ನ ಕೆಲಸ ಮಾಡಲಾರದು. ಹಿಡಿ ಸಡಿಲವಾದಾಗ ಕೇಬಲ್ ಬಿಗಿಯುವುದು ಕೊನೆಯ ಕೆಲಸ. ಪ್ಯಾಡು ಎಷ್ಟಿದೆ, ಲಿವರ್ ತಡೆಗೆ ಬರುತ್ತದೆಯೇ, ಕೇಬಲ್ ಕವಚದಲ್ಲಿ ಸರಾಗ ಓಡುತ್ತದೆಯೇ ಎಂಬ ಮೂರನ್ನೂ ನೋಡದೆ ನಟ್ಟು ಮುಟ್ಟಬೇಡಿ.

ಲಕ್ಷಣ ನೋಡಿ ದೋಷ ತಿಳಿಯುವುದು

(1) ಒಂದೇ ಹಿಂಚಕ್ರ ಬಿಸಿಯಾಗುವುದು. ಹತ್ತು ಕಿಲೋಮೀಟರು ಓಡಿಸಿ, ಬ್ರೇಕನ್ನು ಆದಷ್ಟು ಕಡಿಮೆ ಬಳಸಿ ನಿಲ್ಲಿಸಿ. ಎರಡೂ ಹಿಂಚಕ್ರಗಳ ಹತ್ತಿರ ಕೈ ಒಡ್ಡಿ ಹೋಲಿಸಿ. ಡಿಸ್ಕನ್ನು ಮುಟ್ಟಬೇಡಿ, ಚರ್ಮ ಕಿತ್ತು ಬರುತ್ತದೆ. ಒಂದು ಬೆಚ್ಚಗಿದ್ದು ಇನ್ನೊಂದು ಸುಡುತ್ತಿದ್ದರೆ ಸುಡುವ ಕಡೆ ಬ್ರೇಕು ಬಿಡುತ್ತಿಲ್ಲ. ಮೈಲೇಜು ಇಳಿಯುವುದು, ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿದರೂ ಕಾರು ಉರುಳದಿರುವುದು, ಆ ಚಕ್ರಕ್ಕೆ ಮಾತ್ರ ಕಪ್ಪು ಪುಡಿ ಹೆಚ್ಚಾಗಿ ಅಂಟುವುದು ಇವೂ ಅದೇ ಲಕ್ಷಣಗಳು.

(2) ಒಳಗಿನ ಪ್ಯಾಡು ತೆಳು, ಹೊರಗಿನದು ದಪ್ಪ. ಕ್ಯಾಲಿಪರ್ ಜಾರುವ ಪಿನ್ನುಗಳು ತುಕ್ಕು ಹಿಡಿದು ನಿಂತಿವೆ ಎಂದರ್ಥ. ಹೊರಗಿನಿಂದ ಇಣುಕಿ “ಪ್ಯಾಡು ಇನ್ನೂ ಇದೆ” ಎನ್ನುವವರು ಮೋಸ ಹೋಗುವುದು ಇಲ್ಲೇ. ಒಳಗಿನ ಪ್ಯಾಡು ತಗಡಿಗೆ ಬಂದಿರುತ್ತದೆ. ಪ್ಯಾಡು ಓರೆಯಾಗಿ ಸವೆದಿದ್ದರೂ ಪಿನ್ನುಗಳನ್ನೇ ಶಂಕಿಸಬೇಕು.

(3) ಹ್ಯಾಂಡ್ ಬ್ರೇಕ್ ಹಿಡಿ ಮೇಲೆ ಮೇಲೆ ಬರುವುದು. ಇದರ ಕಥೆ ಮೇಲೆ ಹೇಳಿದ್ದೇನೆ.

(4) ಬ್ರೇಕ್ ಹಾಕಿದಾಗ ಕಂಪನ. ಸ್ಟಿಯರಿಂಗಿನಲ್ಲಿ ನಡುಕ ಬಂದರೆ ಸಾಮಾನ್ಯವಾಗಿ ಮುಂದಿನ ಡಿಸ್ಕಿನ ದೋಷ. ಕೂತ ಸೀಟು ನಡುಗಿದರೆ ಹಿಂದಿನದನ್ನು ನೋಡಿ. ಡಿಸ್ಕಿನ ದಪ್ಪ ಒಂದೇ ಸಮನಾಗಿಲ್ಲ ಅಥವಾ ತುಕ್ಕಿನ ಪದರ ಕಟ್ಟಿದೆ.

(5) ಕೀರಲು ಸದ್ದು, ಕೆರೆಯುವ ಸದ್ದು. ಮಳೆಯಲ್ಲಿ ನಿಂತ ಕಾರು ಬೆಳಿಗ್ಗೆ ಹೊರಟಾಗ ಒಂದೆರಡು ಸಲ ಕೆರೆದು ನಿಂತರೆ ಅದು ಮೇಲಿನ ತುಕ್ಕು, ಹೆದರಬೇಕಾಗಿಲ್ಲ. ದಿನವಿಡೀ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದ ಸದ್ದಾದರೆ ಪ್ಯಾಡು ಮುಗಿದಿದೆ, ಅಂದೇ ಬಿಚ್ಚಿಸಿ.

(6) ಒದ್ದೆ ರಸ್ತೆಯಲ್ಲಿ ಬ್ರೇಕ್ ಹಾಕಿದಾಗ ಕಾರಿನ ಹಿಂಭಾಗ ಜಾರುವುದು. ಒಂದು ಹಿಂಚಕ್ರ ಬೇಗ ಕಚ್ಚಿ ನಿಲ್ಲುತ್ತಿರಬಹುದು. ಎಲೆ ಬಿದ್ದ ತಿರುವಿನಲ್ಲಿ ಇದು ಅತಿ ಅಪಾಯದ ಲಕ್ಷಣ.

ದೋಷ ಎಲ್ಲಿದೆ? ಮೂರು ಹೆಜ್ಜೆಯ ಪರೀಕ್ಷೆ

ಬಾಗೇವಾಡಿಯ ಮಿಸ್ತ್ರಿ ನನ್ನ ಕಣ್ಣೆದುರಿಗೇ ಮಾಡಿ ತೋರಿಸಿದ ಕ್ರಮವಿದು. ನೆಲ ಸಮತಟ್ಟಾಗಿರಲಿ. ಹ್ಯಾಂಡ್ ಬ್ರೇಕ್ ಬಿಟ್ಟೇ ಕೆಲಸ ಮಾಡಬೇಕಾದ್ದರಿಂದ ಮುಂದಿನ ಎರಡೂ ಚಕ್ರಗಳಿಗೆ ಹಿಂದೆ ಮುಂದೆ ಅಡ್ಡ ಕೊಡಿ. ಜ್ಯಾಕಿಯೊಂದನ್ನೇ ನಂಬಿ ಕಾರಿನ ಕೆಳಗೆ ಕೈಕಾಲು ಹಾಕಬೇಡಿ, ಗಟ್ಟಿ ಸ್ಟ್ಯಾಂಡು ಕೊಡಿ. ಗೇರು ನ್ಯೂಟ್ರಲಿನಲ್ಲಿರಲಿ. ಬಿಸಿಯಾದ ಚಕ್ರವನ್ನು ಕೈಯಿಂದ ತಿರುಗಿಸಿ ನೋಡಿ. ಪ್ಯಾಡು ಸ್ವಲ್ಪ ಸವರುವ ಸದ್ದು ಸಹಜ, ಬಲ ಹಾಕಬೇಕಾದರೆ ಸಹಜವಲ್ಲ.

ಮೊದಲ ಹೆಜ್ಜೆ: ಹ್ಯಾಂಡ್ ಬ್ರೇಕಿನ ಕೇಬಲ್ ನಟ್ಟನ್ನು ಪೂರಾ ಸಡಿಲಿಸಿ, ಕ್ಯಾಲಿಪರಿನ ಲಿವರನ್ನು ತಡೆಯವರೆಗೆ ಹಿಂದಕ್ಕೆ ನೂಕಿ. ಚಕ್ರ ಬಿಡುಗಡೆಯಾದರೆ ದೋಷ ಕೇಬಲ್ಲಿನದು ಅಥವಾ ಲಿವರಿನದು. ನನ್ನ ಕಾರು ಇಲ್ಲೇ ಸಿಕ್ಕಿಬಿತ್ತು.

ಎರಡನೆಯ ಹೆಜ್ಜೆ: ಅದರಿಂದ ಬಿಡದಿದ್ದರೆ ಕ್ಯಾಲಿಪರಿನ ಏರ್ ತೆಗೆಯುವ ನಿಪ್ಪಲನ್ನು, ಅದಕ್ಕೊಂದು ರಬ್ಬರ್ ನಳಿಗೆ ಸಿಕ್ಕಿಸಿ, ಕಾಲು ಸುತ್ತು ಬಿಚ್ಚಿ. ಆಯಿಲು ಚಿಮ್ಮಿ ಚಕ್ರ ಬಿಡುಗಡೆಯಾದರೆ ಒತ್ತಡ ಒಳಗೆ ಸಿಕ್ಕಿಕೊಂಡಿತ್ತು ಎಂದಾಯಿತು. ಹಳೆಯ ಕಾರಿನಲ್ಲಿ ಇದಕ್ಕೆ ಹೆಚ್ಚಾಗಿ ಕಾರಣ ರಬ್ಬರ್ ಹೋಸ್ ಪೈಪು. ಹೊರಗಿನಿಂದ ಚೆನ್ನಾಗಿ ಕಂಡರೂ ಒಳಪದರ ಊದಿಕೊಂಡು ದಾರಿ ಮುಚ್ಚುತ್ತದೆ. ಕಾಲಿನ ಬಲ ಆಯಿಲನ್ನು ಒಳಗೆ ನುಗ್ಗಿಸುತ್ತದೆ, ಹಿಂದಕ್ಕೆ ಬರಲು ಬಲವಿಲ್ಲದೆ ಅದು ಅಲ್ಲೇ ಉಳಿಯುತ್ತದೆ. ಇದನ್ನು ಖಚಿತಪಡಿಸಿಕೊಳ್ಳಲು ನಿಪ್ಪಲ್ ಮುಚ್ಚಿ, ಪೆಡಲ್ ತುಳಿದು ಬಿಟ್ಟು, ಹೋಸಿನ ಮೇಲ್ತುದಿಯಲ್ಲಿ ಕಬ್ಬಿಣದ ಪೈಪು ಸೇರುವ ಜಾಗವನ್ನು ಸಡಿಲಿಸಿ. ಅಲ್ಲಿ ಬಿಚ್ಚಿದಾಗ ಚಕ್ರ ಬಿಟ್ಟರೆ ದೋಷ ಮೇಲೆ, ಮಾಸ್ಟರ್ ಸಿಲಿಂಡರಿನ ಕಡೆ. ಬಿಡದಿದ್ದರೆ ಹೋಸಿನದೇ. ಒಂದಕ್ಕಿಂತ ಹೆಚ್ಚು ಚಕ್ರ ಒಟ್ಟಿಗೆ ಹಿಡಿಯುತ್ತಿದ್ದರೆ ಮಾಸ್ಟರ್ ಸಿಲಿಂಡರನ್ನೂ ಪೆಡಲಿನ ಬಿಡುವನ್ನೂ ಮೊದಲು ನೋಡಬೇಕು. ಪರೀಕ್ಷೆ ಮುಗಿದ ಮೇಲೆ ಏರ್ ತೆಗೆಯುವುದನ್ನು ಮರೆಯಬಾರದು.

ಮೂರನೆಯ ಹೆಜ್ಜೆ: ಎರಡರಿಂದಲೂ ಬಿಡದಿದ್ದರೆ ಪಿಸ್ಟನ್ನು ಅಥವಾ ಜಾರುವ ಪಿನ್ನು ಜಾಮ್ ಆಗಿದೆ. ಕ್ಯಾಲಿಪರನ್ನು ಬಿಚ್ಚಲೇಬೇಕು.

ಬಿಚ್ಚುವಾಗ ಮಾಡುವ ತಪ್ಪುಗಳು

ಮುಂದಿನ ಬ್ರೇಕಿನ ಪಿಸ್ಟನ್ನನ್ನು ಇಕ್ಕಳ ಹಾಕಿ ಹಿಂದಕ್ಕೆ ಒತ್ತುತ್ತೇವೆ. ಕೇಬಲ್ ಲಿವರ್ ಇರುವ ಹಿಂದಿನ ಕ್ಯಾಲಿಪರಿಗೆ ಹಾಗೆ ಮಾಡಿದರೆ ಒಳಗಿನ ತಿರುಪು ಮುರಿಯುತ್ತದೆ, ಇಡೀ ಕ್ಯಾಲಿಪರು ಹಾಳಾಗುತ್ತದೆ. ಆ ಪಿಸ್ಟನ್ನನ್ನು ಒತ್ತುತ್ತಾ ತಿರುಗಿಸಿ ಹಿಂದಕ್ಕೆ ಕಳಿಸಬೇಕು. ಬಹಳ ಕಾರುಗಳಲ್ಲಿ ಗಡಿಯಾರದ ಮುಳ್ಳಿನ ದಿಕ್ಕಿಗೆ, ಕೆಲವದರಲ್ಲಿ ಒಂದು ಪಕ್ಕದ್ದು ತಿರುವುಮುರುವು. ಅದಕ್ಕೆಂದೇ ಸಿಗುವ ಸಾಧನ ದುಬಾರಿಯದಲ್ಲ. ಪಿಸ್ಟನ್ನಿನ ಮುಖದ ಗಾಡಿಗೆ ಪ್ಯಾಡಿನ ಹಿಂದಿನ ಮೊಳೆ ಕೂರುವಂತಿದ್ದರೆ ಅದನ್ನು ಸರಿಯಾಗಿ ಹೊಂದಿಸಿ.

ಪಿಸ್ಟನ್ನು ಹಿಂದೆ ಹೋದಂತೆ ಮೇಲಿನ ಡಬ್ಬಿಯಲ್ಲಿ ಆಯಿಲು ಏರುತ್ತದೆ. ತುಂಬಿ ಚೆಲ್ಲದಂತೆ ನೋಡಿಕೊಳ್ಳಿ, ಅದು ಬಣ್ಣವನ್ನು ತಿನ್ನುತ್ತದೆ. ಬಿಚ್ಚಿದ ಕ್ಯಾಲಿಪರನ್ನು ಹೋಸಿನಲ್ಲಿ ನೇತುಬಿಡಬೇಡಿ, ಒಂದು ತಂತಿಯಲ್ಲಿ ಕಟ್ಟಿ. ಪ್ಯಾಡಿನ ಪುಡಿಯನ್ನು ಗಾಳಿ ಊದಿ ಹಾರಿಸಬೇಡಿ. ಹಳೆಯ ಪ್ಯಾಡುಗಳಲ್ಲಿ ಆಸ್ಬೆಸ್ಟಾಸ್ ಇರಬಹುದು, ಶ್ವಾಸಕೋಶಕ್ಕೆ ಕೇಡು. ಒದ್ದೆ ಬಟ್ಟೆಯಿಂದ ಒರೆಸಿ.

ರಬ್ಬರಿನ ಭಾಗಗಳ ಹತ್ತಿರ ಸೀಮೆಎಣ್ಣೆ, ಪೆಟ್ರೋಲು, ಎಂಜಿನ್ ಆಯಿಲು, ಸಾಧಾರಣ ಗ್ರೀಸು ಯಾವುದೂ ಸುಳಿಯಬಾರದು. ಅವು ತಾಗಿದರೆ ಸೀಲು ಉಬ್ಬಿ ಪಿಸ್ಟನ್ನು ಮತ್ತೆ ಕಚ್ಚುತ್ತದೆ. ಜಾರುವ ಪಿನ್ನಿಗೆ ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸು ತೆಳುವಾಗಿ ಸವರಿ. ಪಿನ್ನಿನ ಹಾಗೂ ಪಿಸ್ಟನ್ನಿನ ರಬ್ಬರ್ ಬೂಟು ಹರಿದಿದ್ದರೆ ಬದಲಿಸಿ. ನಾಲ್ಕು ಕಾಸಿನ ಬೂಟು ಉಳಿಸಲು ಹೋಗಿ ಕ್ಯಾಲಿಪರು ಕಳೆದುಕೊಂಡವರು ಇದ್ದಾರೆ.

ಪ್ಯಾಡನ್ನು ಒಂದು ಪಕ್ಕಕ್ಕೆ ಮಾತ್ರ ಹಾಕಿಸಬೇಡಿ. ಎಡ ಬಲ ಎರಡೂ ಒಟ್ಟಿಗೆ ಬದಲಾಗಲಿ. ಉಜ್ಜುವ ಭಾಗ 3 ಮಿ.ಮೀ. ಹತ್ತಿರ ಬಂದಾಗಲೇ ಸಿದ್ಧರಾಗಿ. ಡಿಸ್ಕಿನ ಕನಿಷ್ಠ ದಪ್ಪವನ್ನು ಸಾಮಾನ್ಯವಾಗಿ ಅದರ ಮೇಲೆಯೇ ಕೊರೆದಿರುತ್ತಾರೆ. ಅದಕ್ಕಿಂತ ತೆಳುವಾದದ್ದನ್ನು ಲೇತಿಗೆ ಕೊಟ್ಟು ಕೆತ್ತಿಸಿ ಹಾಕುವುದು ಉಳಿತಾಯವಲ್ಲ.

ಬ್ರೇಕ್ ಆಯಿಲು

ನಾವು ಆಯಿಲು ಎಂದು ಕರೆದರೂ ಇದು ಎಂಜಿನ್ ಆಯಿಲಿನ ಜಾತಿಯದಲ್ಲ. ಗಾಳಿಯ ತೇವವನ್ನು ಹೀರಿಕೊಳ್ಳುವುದು ಇದರ ಗುಣ. ವರ್ಷದ ಬಹುಭಾಗ ತೇವದಲ್ಲೇ ಬದುಕುವ ನಮಗೆ ಇದು ಮುಖ್ಯ ಸಂಗತಿ. ಡಾಟ್ 4 ದರ್ಜೆಯ ಹೊಸ ಆಯಿಲು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ಸಿನವರೆಗೆ ಕುದಿಯಬಾರದೆಂಬುದು ನಿಯಮ. ತೇವ ಹೀರಿದ ಆಯಿಲಿಗೆ ಆ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಡಾಟ್ 3ಕ್ಕೆ ಇವು 205 ಮತ್ತು 140. ಘಾಟಿಯಲ್ಲಿ ಕಾದ ಕ್ಯಾಲಿಪರಿನೊಳಗೆ ಆಯಿಲು ಕುದಿದು ಆವಿಯಾದರೆ, ಪೆಡಲು ಮೆತ್ತಗಾಗಿ ತಳ ಮುಟ್ಟುತ್ತದೆ, ಬ್ರೇಕು ಇಲ್ಲ. ಆವಿ ಅದುಮಿಕೊಳ್ಳುತ್ತದೆ, ದ್ರವ ಅದುಮಿಕೊಳ್ಳುವುದಿಲ್ಲ. ಇದೇ ಅದರ ಗುಟ್ಟು.

ಆದ್ದರಿಂದ ಎರಡು ವರ್ಷಕ್ಕೊಮ್ಮೆ ಪೂರಾ ಬದಲಿಸಿ. ನನ್ನ ಕಾರಿನಲ್ಲಿ ಐದು ವರ್ಷದಿಂದ ಬದಲಿಸಿರಲಿಲ್ಲ, ಕಾಫಿ ಡಿಕಾಕ್ಷನ್ ಬಣ್ಣಕ್ಕೆ ಬಂದಿತ್ತು. ಮುಚ್ಚಳದ ಮೇಲೆ ಯಾವ ದರ್ಜೆ ಬರೆದಿದೆಯೋ ಅದನ್ನೇ ಹಾಕಿ. ಅರ್ಧ ಬಳಸಿ ವರ್ಷಗಟ್ಟಲೆ ಶೆಡ್ಡಿನಲ್ಲಿಟ್ಟ ಡಬ್ಬಿ ಬೇಡ. ಎ.ಬಿ.ಎಸ್. ಇರುವ ಕಾರಿನಲ್ಲಿ ಬದಲಿಸುವಾಗ ಮೇಲಿನ ಡಬ್ಬಿ ಖಾಲಿಯಾಗಿ ಗಾಳಿ ಒಳಗೆ ಹೋಗದಂತೆ ಕಣ್ಣಿಟ್ಟಿರಬೇಕು. ಹೋದರೆ ಆ ಗಾಳಿ ತೆಗೆಯಲು ಹಲವು ಕಾರುಗಳಲ್ಲಿ ಕಂಪ್ಯೂಟರ್ ಸಾಧನವೇ ಬೇಕಾಗುತ್ತದೆ.

ನಮ್ಮ ಮಳೆಗಾಲ, ನಮ್ಮ ಘಾಟಿ

ಬ್ರೇಕ್ ಹಾಕಿದಾಗ ಕಾರಿನ ಭಾರ ಮುಂದಕ್ಕೆ ವಾಲುವುದರಿಂದ ಹೆಚ್ಚಿನ ಕೆಲಸ ಮುಂಚಕ್ರಗಳದು. ಹಿಂದಿನ ಡಿಸ್ಕಿಗೆ ಕೆಲಸ ಕಡಿಮೆ, ಅದಕ್ಕೇ ಅದು ಬೇಗ ತುಕ್ಕು ಹಿಡಿಯುತ್ತದೆ. ಸೋಮಾರಿಯಾಗಿ ಕೂತ ಗುದ್ದಲಿಯಂತೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಶೆಡ್ಡಿನಲ್ಲಿ ಹ್ಯಾಂಡ್ ಬ್ರೇಕ್ ಎಳೆದು ನಿಲ್ಲಿಸಿದ ಕಾರಿನ ಪ್ಯಾಡು ಡಿಸ್ಕಿಗೆ ಅಂಟಿಕೊಂಡೇ ಇರುತ್ತದೆ. ಆದ್ದರಿಂದ ದೀರ್ಘಕಾಲ ನಿಲ್ಲಿಸುವಾಗ ಗೇರಿನಲ್ಲಿಟ್ಟು, ಚಕ್ರಕ್ಕೆ ಮರದ ತುಂಡು ಕೊಟ್ಟು, ಹ್ಯಾಂಡ್ ಬ್ರೇಕ್ ಬಿಟ್ಟಿಡಿ. ವಾರಕ್ಕೊಮ್ಮೆಯಾದರೂ ಓಡಿಸಿ. ಹಳ್ಳ ದಾಟಿ ಬಂದ ಮೇಲೆ ಪೆಡಲನ್ನು ಹಗುರಾಗಿ ಒತ್ತುತ್ತಾ ಸ್ವಲ್ಪ ದೂರ ಹೋಗಿ ಬ್ರೇಕು ಒಣಗಿಸಿ. ಮಳೆಗಾಲ ಮುಗಿದೊಡನೆ ಚಕ್ರ ಬಿಚ್ಚಿ ಕೆಸರು ತೊಳೆದು, ಪಿನ್ನುಗಳನ್ನು ನೋಡಿಸಿ. ಆ ಕಡೆಯ ಎರೆಮಣ್ಣಿನ ಕೆಸರಾದರೆ ಇನ್ನೂ ಗಟ್ಟಿ, ಒಣಗಿದರೆ ಗಾರೆಯಂತೆ ಕೂರುತ್ತದೆ.

ಘಾಟಿ ಇಳಿಯುವಾಗ ಯಾವ ಗೇರಿನಲ್ಲಿ ಹತ್ತುತ್ತೇವೋ ಅದೇ ಗೇರಿನಲ್ಲಿ ಇಳಿಯಬೇಕೆಂಬ ಹಳೆಯ ಡ್ರೈವರುಗಳ ಮಾತು ಇಂದಿಗೂ ಸತ್ಯ. ಎಂಜಿನ್ ಆರಿಸಿ ಇಳಿಯುವುದು ಆತ್ಮಹತ್ಯೆಗೆ ಸಮ. ಬ್ರೇಕಿನ ಬಲ ಹೆಚ್ಚಿಸುವ ಬೂಸ್ಟರಿಗೆ ಎಂಜಿನ್ ಓಡುತ್ತಿರಬೇಕು. ಅಕಸ್ಮಾತ್ ಪೆಡಲ್ ತಳ ಮುಟ್ಟಿದರೆ ಮತ್ತೆ ಮತ್ತೆ ಬೇಗ ಬೇಗ ತುಳಿಯಿರಿ, ಒಂದೊಂದೇ ಕೆಳಗಿನ ಗೇರಿಗೆ ಬನ್ನಿ, ಹ್ಯಾಂಡ್ ಬ್ರೇಕನ್ನು ಗುಂಡಿ ಒತ್ತಿ ಹಿಡಿದೇ ಮೆಲ್ಲಮೆಲ್ಲನೆ ಎಳೆಯಿರಿ. ಒಮ್ಮೆಲೇ ಜಗ್ಗಿದರೆ ಹಿಂಚಕ್ರ ಕಚ್ಚಿ ಕಾರು ಅಡ್ಡ ತಿರುಗುತ್ತದೆ. ನಿಲ್ಲದಿದ್ದರೆ ಗುಡ್ಡದ ಪಕ್ಕದ ಚರಂಡಿಗೆ ಇಳಿಸುವುದೇ ಲೇಸು.

ಇನ್ನೊಂದು ಮಾತು. ಖಾಸಗಿ ಕಾರಿಗೆ 15 ವರ್ಷ ತುಂಬಿದರೆ ನೋಂದಣಿ ನವೀಕರಣ ಆಗಬೇಕು, ಅದು 5 ವರ್ಷಕ್ಕೊಮ್ಮೆ. ಆ ಒಂದು ದಿನಕ್ಕೆಂದು ಬ್ರೇಕು ಸರಿಮಾಡಿಸಿ ಉಳಿದ ದಿನ ಮರೆಯುವುದು ಬೇಡ. ತಪಾಸಣೆಗಿಂತ ತಿರುವು ಕಠಿಣವಾದ ಪರೀಕ್ಷಕ.

ಜಾಲಿ ಮರದ ಎರಡು ತುಂಡು

ಬಾಗೇವಾಡಿಯಲ್ಲಿ ಆ ಕಾರಿನ ಕೇಬಲ್ ಸಿಗಲಿಲ್ಲ. ಮಿಸ್ತ್ರಿ ನಟ್ಟನ್ನು ಪೂರಾ ಸಡಿಲಿಸಿ, ಲಿವರನ್ನು ತಡೆಗೆ ತಂದು, ಪಿನ್ನುಗಳನ್ನು ಬಿಚ್ಚಿ ಒರೆಸಿ ಹಾಕಿದರು. “ಮನಿ ಮುಟ್ಟೂತನಕ ಹ್ಯಾಂಡ್ ಬ್ರೇಕ್ ಮುಟ್ಟಬ್ಯಾಡ್ರಿ. ಗೇರ್‌ನ್ಯಾಗ ಇಡ್ರಿ, ಗಾಲಿಗೆ ಕಟ್ಟಿಗಿ ಕೊಡ್ರಿ,” ಎಂದರು. ಕೊಟ್ಟ ಹಣದಲ್ಲಿ ಅರ್ಧವನ್ನು ಹಿಂದಕ್ಕೆ ಕೊಟ್ಟರು. ಹೆಸರು ಪತ್ರಿಕೆಯಲ್ಲಿ ಹಾಕಬಹುದೇ ಎಂದು ಕೇಳಿದ್ದಕ್ಕೆ ಕೈ ಆಡಿಸಿ ಟ್ರ್ಯಾಕ್ಟರಿನ ಕಡೆ ತಿರುಗಿದರು.

ಅಲ್ಲಿಂದ ಸಿಂದಗಿ, ಸಿಂದಗಿಯಿಂದ ಇಂಡಿ. ಪ್ರತಿ ಊರಿನಲ್ಲೂ ಇಳಿದು ಹಿಂಚಕ್ರಕ್ಕೆ ಕೈ ಒಡ್ಡಿ ನೋಡುತ್ತಿದ್ದೆ. ಎರಡೂ ಒಂದೇ ಸಮ. ಇಂಡಿಯ ಲಿಂಬೆ ತೋಟದ ಬದಿಯಲ್ಲಿ ಚಹಾ ಕುಡಿಯುವಾಗ ಮೊದಲ ಸಲ ಮನಸ್ಸಿಗೆ ಸಮಾಧಾನವಾಯಿತು. ಕೂಲಿಯ ಮಾತುಕತೆಯೂ ಎಲ್ಲ ಕಡೆ ಒಳ್ಳೆಯ ರೀತಿಯಲ್ಲೇ ಮುಗಿಯಿತು.

ಹಿಂದಿರುಗುವಾಗ ಸಿಂದಗಿ ತಾಲೂಕಿನ ಒಂದು ಹಳ್ಳಿಯಿಂದ ನಮ್ಮ ಜೊತೆ ಒಂದು ಕುಟುಂಬ ಬರುವುದಿತ್ತು. ಗಂಡ, ಹೆಂಡತಿ, ಒಂದು ವರ್ಷದ ಮಗು. ಚಕ್ರಕ್ಕೆ ಕೊಡಲೆಂದು ಆ ಗಂಡನೇ ಜಾಲಿ ಮರದ ಎರಡು ತುಂಡು ಕಡಿದು ತಂದ. ಅವನ ತಾಯಿ ಮಗುವನ್ನು ಸೊಸೆಯ ಮಡಿಲಿಗೆ ಕೊಡುವ ಮೊದಲು ನನ್ನ ಹತ್ತಿರ ಬಂದು, “ಗಾಡಿ ಸರಿ ಐತಿಲ್ರಿ, ಸಾವ್ಕಾರ್ರ? ಕೂಸು ಐತಿ,” ಎಂದಳು.

ಎರಡು ದಿನ ಮೊದಲು ಕೇಳಿದ್ದರೂ ನಾನು “ಸರಿ ಇದೆ ಅವ್ವಾ” ಎಂದೇ ಹೇಳುತ್ತಿದ್ದೆ, ಅದೂ ಧೈರ್ಯವಾಗಿ. ನನ್ನನ್ನು ಇಂದಿಗೂ ಚುಚ್ಚುವುದು ಅದೇ.

ಊರಿಗೆ ಬಂದ ಮೇಲೆ ಎರಡೂ ಕೇಬಲ್ಲು, ಬಲಗಡೆ ಕ್ಯಾಲಿಪರಿನ ಸೀಲು, ನಾಲ್ಕೂ ಪ್ಯಾಡು, ಆಯಿಲು ಎಲ್ಲ ಹೊಸದು ಹಾಕಿಸಿದ ನಂತರವೇ ಚಾರ್ಮಾಡಿ ಇಳಿದೆ. ಹ್ಯಾಂಡ್ ಬ್ರೇಕ್ ಈಗ ಐದು ಹಲ್ಲಿಗೆ ಹಿಡಿಯುತ್ತದೆ, ನಟ್ಟನ್ನು ನಾನು ಮುಟ್ಟಿಲ್ಲ. ಜಾಲಿ ತುಂಡುಗಳು ಡಿಕ್ಕಿಯಲ್ಲೇ ಇವೆ.

ಕುಯಿಲು ಶುರುವಾಗುವ ಮುನ್ನ ಸದಸ್ಯರೆಲ್ಲರೂ ಒಂದು ದಿನ ಬಿಡುವು ಮಾಡಿಕೊಂಡು ತಮ್ಮ ಕಾರು, ಜೀಪು, ಪಿಕಪ್ಪುಗಳ ಹಿಂಚಕ್ರ ಬಿಚ್ಚಿಸಿ ನೋಡಬೇಕೆಂದು ವಿನಂತಿ. ನಮ್ಮ ವಾಹನಗಳಲ್ಲಿ ನಾವು ಮಾತ್ರ ಕೂರುವುದಿಲ್ಲ. ನಮ್ಮನ್ನು ನಂಬಿ ದೂರದಿಂದ ಬಂದವರೂ ಕೂರುತ್ತಾರೆ.

ಇತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ